ಪಾಸ್‌ಪೋರ್ಟ್ ಬೇಡದ ರಾಜಧಾನಿಗಳು

ವಾರ್ಷಿಕ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಸರಿಯಾಗಿ ಪತ್ರಿಕೆಗಳ ತುಂಬ ಪ್ರವಾಸದ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ಹನ್ನೆರಡು ದಿನ, ಏಳು ರಾಜಧಾನಿ, ಎರಡು ಹೊತ್ತು ಭಾರತೀಯ ಊಟ. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ವಿಯೆನ್ನಾ, ರೋಮ್ ಎಂದು ಹೆಸರುಗಳು ಸಾಲಾಗಿ ನಿಂತಿರುತ್ತವೆ. ಒಂದೇ ಷೆಂಗೆನ್ ವೀಸಾದಲ್ಲಿ 29 ದೇಶಗಳನ್ನು ಸುತ್ತಬಹುದಾದ ಈ ಕಾಲದಲ್ಲಿ ಮಧ್ಯಮ ವರ್ಗದ ಸಂಸಾರಗಳೂ ಸಾಲ ಮಾಡಿಯಾದರೂ ಹೊರಡುತ್ತಿವೆ. ಅದರಲ್ಲಿ ತಪ್ಪೇನಿಲ್ಲ. ದೇಶ ಸುತ್ತು, ಕೋಶ ಓದು ಎಂದು ಹಿರಿಯರೇ ಹೇಳಿದ್ದಾರೆ. ಆದರೆ ಬಸ್ಸಿನಿಂದ ಇಳಿದು ಫೋಟೊ ತೆಗೆಸಿಕೊಂಡು, ಮತ್ತೆ ಬಸ್ಸು ಹತ್ತಿ, ಸಂಜೆ ಪೊಟ್ಟಣದ ಮೊಸರನ್ನ ತಿಂದು ಮಲಗುವ ಮಗುವಿಗೆ ಏಳನೆಯ ಊರಿನ ಹೊತ್ತಿಗೆ ಮೊದಲನೆಯ ಊರು ಮರೆತಿರುತ್ತದೆ. ರಾಜಧಾನಿ ಎಂದರೇನು, ಅದು ಅಲ್ಲಿಯೇ ಏಕೆ ಹುಟ್ಟಿತು, ಲಕ್ಷಾಂತರ ಜನರಿಗೆ ನೀರು ಎಲ್ಲಿಂದ ಬಂತು, ಅನ್ನ ಎಲ್ಲಿಂದ ಬಂತು ಎಂಬ ಪ್ರಶ್ನೆಗಳು ಮಾತ್ರ ಹಾಗೆಯೇ ಉಳಿದುಬಿಡುತ್ತವೆ.

ಈ ಪ್ರಶ್ನೆಗಳನ್ನು ಕೇಳಲು ಮತ್ತು ಉತ್ತರವನ್ನು ಕಣ್ಣಾರೆ ಕಾಣಲು ಹೊಸಪೇಟೆಯಂಥ ಜಾಗ ಬೇರೊಂದಿಲ್ಲ. ಹೊಸಪೇಟೆಯ ರೈಲು ನಿಲ್ದಾಣದಲ್ಲಿ ಇಳಿದ ಸಂಸಾರಕ್ಕೆ ಸುಮಾರು ಮೂವತ್ತು ಕಿಲೋಮೀಟರು ಸುತ್ತಳತೆಯೊಳಗೆ ನಾಲ್ಕು ರಾಜಧಾನಿಗಳು ಸಿಗುತ್ತವೆ: ಕಂಪ್ಲಿ, ಆನೆಗೊಂದಿ, ವಿಜಯನಗರ ಮತ್ತು ಸಂಡೂರು. ನಾಲ್ಕಕ್ಕೂ ಸೇರಿ ಮೂರು ದಿನ ಸಾಕು. ಇಂದು ಯುರೋಪಿನ ರಾಜಧಾನಿಗಳನ್ನು ನೋಡಲು ಇಲ್ಲಿಯವರು ಹೋಗುವಂತೆ, ಒಂದು ಕಾಲದಲ್ಲಿ ಈ ರಾಜಧಾನಿಯನ್ನು ನೋಡಿ ಬೆರಗಾದವರು ಯುರೋಪಿನವರೇ ಆಗಿದ್ದರು.

ಸಂಸಾರವಂದಿಗನ ಪ್ರವಾಸ

ವೆನಿಸ್ ಕಡೆಯ ವ್ಯಾಪಾರಿ ನಿಕೊಲೊ ಕಾಂಟಿ ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದ. ಪಟ್ಟಣದ ಸುತ್ತಳತೆ 60 ಮೈಲಿ ಎಂದು ಅವನು ಹೇಳಿದ್ದಾನೆ. ಕಾಂಟಿ ಒಂಟಿ ಪ್ರವಾಸಿಯಾಗಿ ಉಳಿಯಲಿಲ್ಲ. ಪೂರ್ವದೇಶಗಳಲ್ಲಿ ಸುಮಾರು 25 ವರ್ಷ ತಿರುಗಿದ ಅವನು ದಾರಿಯಲ್ಲೇ ಮದುವೆಯಾಗಿ ನಾಲ್ಕು ಮಕ್ಕಳ ತಂದೆಯಾದ. ಊರಿಗೆ ಹಿಂತಿರುಗುವಾಗ ಈಜಿಪ್ಟಿನಲ್ಲಿ ಪ್ಲೇಗು ಬಡಿದು ಹೆಂಡತಿ ಹಾಗೂ ಇಬ್ಬರು ಮಕ್ಕಳನ್ನು ಕಳೆದುಕೊಂಡ. ಕೊನೆಗೆ ಇಟಲಿಗೆ ಮರಳಿದ. ಪ್ರಾಣ ಉಳಿಸಿಕೊಳ್ಳಲು ದಾರಿಯಲ್ಲಿ ಮತಾಂತರಗೊಂಡಿದ್ದಕ್ಕೆ ಪ್ರಾಯಶ್ಚಿತ್ತವಾಗಿ ತಾನು ಕಂಡದ್ದನ್ನೆಲ್ಲ ಪೋಪರ ಕಾರ್ಯದರ್ಶಿ ಪೋಜಿಯೊನ ಮುಂದೆ ಹೇಳಬೇಕಾಯಿತು. ಪೋಜಿಯೊ ಅದನ್ನು ಲ್ಯಾಟಿನ್‌ನಲ್ಲಿ ಬರೆದಿಟ್ಟ. ಯುರೋಪಿಗೆ ವಿಜಯನಗರದ ಕಥೆ ತಲುಪಿದ್ದು ಒಬ್ಬ ತಂದೆ ತೆತ್ತ ಇಂಥ ಬೆಲೆಯಿಂದ. ವಿಮಾನ ಒಂದು ಗಂಟೆ ತಡವಾದರೆ ಸಿಡುಕುವ ಇಂದಿನ ಪ್ರವಾಸಿಗರು ಇದನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇಪ್ಪತ್ತು ವರ್ಷಗಳ ಬಳಿಕ, 1443ರಲ್ಲಿ, ತೈಮೂರನ ಮಗ ಶಾರುಖ್ ಕಳಿಸಿದ ರಾಯಭಾರಿ ಅಬ್ದುರ್ ರಜಾಕ್ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ. ಒಂದರೊಳಗೊಂದರಂತೆ ಏಳು ಕೋಟೆಗಳನ್ನು ಎಣಿಸಿದ. ಗುಲಾಬಿ ಹೂವು ಎಲ್ಲೆಡೆ ಮಾರಾಟಕ್ಕಿತ್ತು, ಅನ್ನದಷ್ಟೇ ಅವಶ್ಯವೆಂಬಂತೆ ಜನ ಕೊಳ್ಳುತ್ತಿದ್ದರು ಎಂದು ಬರೆದ. ಅವನಿಗೆ ಅರಮನೆಯಿಂದ ದಿನವೂ ಬರುತ್ತಿದ್ದ ಪಡಿ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ ಮತ್ತು ಎರಡು ವರಹ. ಅಂದಿನ ಅತಿಥಿಸತ್ಕಾರದ ಅಳತೆ ಇದು. ಮಣ ಎಂಬ ತೂಕ ಊರಿಂದೂರಿಗೆ ಬೇರೆಯಾಗಿತ್ತು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎಲ್ಲರಿಗೂ ಒಂದೇ ಆದ ಕಿಲೋಗ್ರಾಂ ಫ್ರಾನ್ಸಿನಲ್ಲಿ ರೂಪುಗೊಂಡದ್ದು 18ನೇ ಶತಮಾನದ ಕೊನೆಯಲ್ಲಿ.

ಕಂಪ್ಲಿಯಿಂದ ಆರಂಭ

ಕಾಲಕ್ರಮದಲ್ಲಿ ನೋಡುವುದಾದರೆ ಪ್ರವಾಸ ಕಂಪ್ಲಿಯಿಂದ ಆರಂಭವಾಗಬೇಕು. ಹೊಸಪೇಟೆಯಿಂದ ಕಮಲಾಪುರ, ಬುಕ್ಕಸಾಗರ, ರಾಮಸಾಗರಗಳ ಮೇಲೆ ಹಾಯ್ದು ಹೋಗುವ ದಾರಿಯ ಎರಡೂ ಬದಿಗೆ ಬಾಳೆ, ಕಬ್ಬು, ಭತ್ತ. ಊರಿನ ಹೆಸರುಗಳಲ್ಲಿಯೇ ಸಾಗರ, ಸಮುದ್ರ ಎಂಬ ಪದಗಳಿವೆ. ಕಡಲಿಲ್ಲದ ಬಯಲುಸೀಮೆಯಲ್ಲಿ ಕೆರೆ ಕಾಲುವೆಗಳೇ ಕಡಲು.

11ನೇ ಶತಮಾನದಲ್ಲಿ ಇಲ್ಲಿ ಚಾಲುಕ್ಯರ ಅರಮನೆ ಇತ್ತು. ಅದನ್ನು ಚೋಳ ದೊರೆ ರಾಜಾಧಿರಾಜ ಕೆಡವಿದನೆಂದು ಚೋಳರ ಶಾಸನಗಳು ಹೇಳುತ್ತವೆ. ಮುಂದೆ ಕಂಪಿಲರಾಯನ ರಾಜ್ಯಕ್ಕೆ ಇದೇ ಊರು ಹೆಸರು ಕೊಟ್ಟಿತು. ದಿಲ್ಲಿಯ ಸುಲ್ತಾನ ಮಹಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾವುದ್ದೀನ್ ಓಡಿಬಂದು ಕಂಪಿಲರಾಯನ ಮರೆಹೊಕ್ಕ. ಮರೆಹೊಕ್ಕವನನ್ನು ಒಪ್ಪಿಸಲು ಕಂಪಿಲರಾಯ ಒಪ್ಪಲಿಲ್ಲ. 1327ರ ಸುಮಾರಿಗೆ ದಿಲ್ಲಿಯ ಸೈನ್ಯದ ಎದುರು ಅವನ ರಾಜ್ಯವೇ ಅಳಿಯಿತು. ಅವನ ಮಗ ಕುಮಾರರಾಮನ ಕಥೆ ಇಂದಿಗೂ ಈ ಸೀಮೆಯ ಹಾಡುಗಳಲ್ಲಿ, ಬಯಲಾಟಗಳಲ್ಲಿ ಉಳಿದಿದೆ.

ಕಂಪ್ಲಿಯಲ್ಲಿ ನೋಡಲು ದೊಡ್ಡ ಕಟ್ಟಡಗಳು ಉಳಿದಿಲ್ಲ. ಕೋಟೆಯ ಭಾಗ, ಹೊಳೆ, ಮತ್ತು ಮಳೆಗಾಲದಲ್ಲಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಮುಳುಗಿ ಸುದ್ದಿಯಾಗುವ ಗಂಗಾವತಿ ಕಡೆಯ ಸೇತುವೆ. ಆದರೆ ತಿನ್ನಲು ಕಬ್ಬು ಇದೆ, ಬೆಲ್ಲ ಇದೆ. ಕಬ್ಬಿನ ಹಾಲು ಕುಡಿಯುವಾಗ ಮಕ್ಕಳಿಗೆ ಒಂದು ಮಾತು ಹೇಳಬಹುದು. ಕಬ್ಬಿನ ರಸವನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆ ಬೆಳೆದದ್ದು ಭಾರತದಲ್ಲಿ. ಸಂಸ್ಕೃತದ ಶರ್ಕರಾ ಎಂಬ ಪದವೇ ಕನ್ನಡದಲ್ಲಿ ಸಕ್ಕರೆಯಾಯಿತು. ಪಾರಸಿ, ಅರಬ್ಬಿ ಭಾಷೆಗಳನ್ನು ದಾಟಿ ಇಂಗ್ಲಿಷಿನಲ್ಲಿ ಶುಗರ್, ಫ್ರೆಂಚಿನಲ್ಲಿ ಸುಕ್ರ್ ಆಯಿತು. ವಿಯೆನ್ನಾದ ಕೇಕಿನಲ್ಲಿ, ಬ್ರಸೆಲ್ಸ್‌ನ ಚಾಕೊಲೇಟಿನಲ್ಲಿ ಇರುವ ಸಿಹಿಯ ಹೆಸರು ಇಲ್ಲಿಂದಲೇ ಹೋದದ್ದು.

ಹರಿಗೋಲು ಕಂಡ ಪರದೇಶಿ

ಕಂಪಿಲಿ ಅಳಿದ ಹತ್ತು ವರ್ಷಗಳೊಳಗೆ, 1336ರಲ್ಲಿ, ಹರಿಹರ ಮತ್ತು ಬುಕ್ಕ ಹೊಸ ರಾಜ್ಯವನ್ನು ಕಟ್ಟಿದರೆಂಬುದು ಪಠ್ಯಪುಸ್ತಕದ ಮಾತು. ಹೊಳೆಯ ಆಚೆ ದಡದ ಆನೆಗೊಂದಿ ಮೊದಲ ನೆಲೆ, ಈಚೆ ದಡದ ವಿಜಯನಗರ ನಂತರದ್ದು. ಎರಡರ ನಡುವೆ ತುಂಗಭದ್ರೆ. ಶತ್ರುವನ್ನು ತಡೆಯಲು ಒಂದು ಕಡೆ ಹೊಳೆ, ಮೂರು ಕಡೆ ಬಂಡೆಗಲ್ಲಿನ ಬೆಟ್ಟ. ಪಟ್ಟಣ ಇಲ್ಲಿಯೇ ಏಕೆ ಹುಟ್ಟಿತು ಎಂಬ ಪ್ರಶ್ನೆಗೆ ಮಾತಂಗ ಬೆಟ್ಟ ಹತ್ತಿ ನಿಂತ ಐದನೆಯ ಇಯತ್ತೆಯ ಮಗುವೂ ಉತ್ತರ ಹೇಳಬಲ್ಲದು.

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಇಲ್ಲಿಗೆ ಬಂದ. ಆನೆಗೊಂದಿಗೆ ದಾಟಿಸುವ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಅವನು ವಿಸ್ಮಯಪಟ್ಟ. ಬೆತ್ತದ ಹೆಣಿಗೆ, ಮೇಲೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕೆಂದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು ಎಂದ. ಅದೇ ಹರಿಗೋಲು. ಇಂದು ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ, ಆಕಾರ ಬದಲಾಗಿಲ್ಲ. ತಳ ಅಗಲವಾಗಿರುವುದರಿಂದ ಅದು ಕಡಿಮೆ ನೀರಿನಲ್ಲೂ ತೇಲುತ್ತದೆ. ಬಂಡೆಗೆ ತಾಕಿದರೂ ಮುರಿಯದೆ ಬಾಗುತ್ತದೆ. ಆರ್ಕಿಮಿಡೀಸನ ತತ್ವವನ್ನು ಕಪ್ಪುಹಲಗೆಯ ಮೇಲೆ ಕಲಿತ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಸಿಗಲಾರದು. ಆದರೆ ಜೀವರಕ್ಷಕ ಕವಚವಿಲ್ಲದೆ ಮಕ್ಕಳನ್ನು ಹತ್ತಿಸಬಾರದು. ತುಂಗಭದ್ರೆಯ ಮೇಲ್ಮೈ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಸುಳಿಗಳಿವೆ.

ಪಾಯಸ್ ಒಂದು ಬೆಟ್ಟ ಹತ್ತಿ ಪಟ್ಟಣವನ್ನು ನೋಡಿದ. ಬೆಟ್ಟಗಳು ಅಡ್ಡಬಂದು ಪೂರ್ತಿ ಕಾಣದಿದ್ದರೂ, ಕಂಡಷ್ಟೇ ರೋಮ್‌ನಷ್ಟು ದೊಡ್ಡದೆಂದು ಅವನಿಗೆ ತೋರಿತು. ಮನೆಗಳ ನಡುವೆ ತೋಪುಗಳು, ತೋಟಗಳು, ಹರಿಯುವ ನೀರಿನ ಕಾಲುವೆಗಳು ಅವನ ಮನಸ್ಸನ್ನು ಸೆಳೆದವು. ಪಾಯಸ್ ಹಾಗೂ ಅವನ ಅನಂತರ ಬಂದ ಕುದುರೆ ವ್ಯಾಪಾರಿ ನೂನಿಜ್, ಇಬ್ಬರ ಬರಹಗಳ ಹಸ್ತಪ್ರತಿ ಇರುವುದು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ. ಅವು 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚಾದವು. 1900ರಲ್ಲಿ ರಾಬರ್ಟ್ ಸ್ಯೂಯೆಲ್ ಇಂಗ್ಲಿಷಿಗೆ ತಂದ. ಐಫೆಲ್ ಗೋಪುರದ ಕೆಳಗೆ ಫೋಟೊ ತೆಗೆಸಿಕೊಳ್ಳುವ ಕನ್ನಡದ ಮಕ್ಕಳಿಗೆ, ಅದೇ ಊರಿನ ಒಂದು ಕಪಾಟಿನಲ್ಲಿ ತಮ್ಮ ಹಂಪಿ ಕುಳಿತಿದೆ ಎಂದು ಯಾರೂ ಹೇಳುವುದಿಲ್ಲ.

ಕಲ್ಲಿನ ತಟ್ಟೆ, ಕತ್ತಲೆಯ ಕೋಣೆ

ಹಂಪಿಯನ್ನು ನೋಡುವ ಮೊದಲು ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹೋಗುವುದು ಜಾಣತನ. ಅಂಗಳದಲ್ಲಿ ಬೆಟ್ಟ, ಹೊಳೆ, ಕೋಟೆಗಳ ಸಣ್ಣ ಮಾದರಿಯಿದೆ. ಅದನ್ನು ಹತ್ತು ನಿಮಿಷ ಸುತ್ತಿ ಬಂದ ಮಗು ಮರುದಿನ ದಾರಿ ತಪ್ಪುವುದಿಲ್ಲ.

ಬಂಡೆಗಳನ್ನು ಯಾರು ತಂದು ಪೇರಿಸಿದರು ಎಂಬುದು ಎಲ್ಲ ಮಕ್ಕಳ ಮೊದಲ ಪ್ರಶ್ನೆ. ಯಾರೂ ಪೇರಿಸಿಲ್ಲ. ಸುಮಾರು 250 ಕೋಟಿ ವರ್ಷ ಹಿಂದೆ ನೆಲದಾಳದಲ್ಲಿ ಕರಗಿದ ಕಲ್ಲು ಆರಿ ಗಟ್ಟಿಯಾಗಿ ಗ್ರಾನೈಟ್ ಆಯಿತು. ರಾಮನಗರದ ಬೆಟ್ಟಗಳೂ ಇದೇ ಶಿಲಾಪಟ್ಟಿಗೆ ಸೇರಿದವು. ಮೇಲಿನ ಮಣ್ಣು ಸವೆದಂತೆ ಕಲ್ಲಿನಲ್ಲಿ ಬಿರುಕುಗಳು ಮೂಡಿದವು; ಬಿರುಕಿನೊಳಗೆ ನೀರು ಇಳಿದು ಮೂಲೆಗಳನ್ನು ಮೊದಲು ತಿಂದಿತು; ಚೌಕವಾಗಿದ್ದ ಗುಂಡುಗಳು ದುಂಡಗಾದವು. ಅನೇಕ ಬಂಡೆಗಳ ಅಂಚಿನಲ್ಲಿ ಒಂದೇ ಸಾಲಿನ ಚೌಕ ಕುಳಿಗಳು ಕಾಣುತ್ತವೆ. ಅವು ಕಲ್ಲುಕುಟಿಗರ ಗುರುತು. ಕುಳಿಗಳಿಗೆ ಬೆಣೆ ಬಡಿದರೆ ಬಂಡೆ ಗೆರೆ ಎಳೆದಂತೆ ಸೀಳುತ್ತದೆ.

ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಗೋಡೆಯ ಸಣ್ಣ ಕಿಂಡಿಯ ಮೂಲಕ ಒಂಬತ್ತು ಅಂತಸ್ತಿನ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಇದರಲ್ಲಿ ಮಾಟವೇನೂ ಇಲ್ಲ. ಬೆಳಕು ನೇರವಾಗಿ ಚಲಿಸುವುದರಿಂದ ತುದಿಯ ಕಿರಣ ಕಿಂಡಿ ದಾಟಿ ಕೆಳಗೂ, ಬುಡದ ಕಿರಣ ಮೇಲಕ್ಕೂ ಬೀಳುತ್ತವೆ. ಕಿಂಡಿ ಚಿಕ್ಕದಿದ್ದಷ್ಟೂ ಬಿಂಬ ಸ್ಪಷ್ಟ, ಆದರೆ ಮಂದ. ಊರಿಗೆ ಮರಳಿದ ಮೇಲೆ ಪಾದರಕ್ಷೆಯ ಪೆಟ್ಟಿಗೆಗೆ ಸೂಜಿಯಿಂದ ತೂತು ಮಾಡಿ, ಎದುರು ಬದಿಗೆ ಎಣ್ಣೆ ಸವರಿದ ಕಾಗದ ಅಂಟಿಸಿದರೆ ಇದೇ ಪ್ರಯೋಗವನ್ನು ಮನೆಯಲ್ಲಿ ಮಾಡಬಹುದು.

ಕಮಲಾಪುರದ ದಾರಿಯ ಬಳಿ ಭೋಜನಶಾಲೆ ಎಂದು ಕರೆಯುವ ಜಾಗವಿದೆ. ಒಂದು ಕಲ್ಲಿನ ಕಾಲುವೆಯ ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳು. ಅನ್ನಕ್ಕೊಂದು, ಪಲ್ಯಕ್ಕೊಂದು, ಚಟ್ನಿಗೊಂದು ಎಂಬಂತೆ ಕೊರೆದ ಕುಳಿಗಳು. ಬಾಳೆಯೆಲೆಯ ಆಕಾರದವೂ ಇವೆ. ಉಂಡು ತಟ್ಟೆ ತೊಳೆಯಲು ಎದುರಿಗೇ ಹರಿಯುವ ನೀರು. ಪ್ಯಾರಿಸ್‌ನ ಅರಮನೆಗಳಲ್ಲಿ ಚಿನ್ನದ ತಟ್ಟೆ ನೋಡಬಹುದು. ಹೀಗೆ ಊಟವೂ ನೀರೂ ಒಂದೇ ಲೆಕ್ಕದಲ್ಲಿ ಕೂಡಿದ್ದನ್ನು ನೋಡಲು ಹಂಪಿಗೇ ಬರಬೇಕು.

ಪೇಟೆಯಲ್ಲಿ ಇಲ್ಲದ ಮೆಣಸಿನಕಾಯಿ

ಪಾಯಸ್ ಪೇಟೆಯ ಸರಕುಗಳನ್ನು ಪಟ್ಟಿಮಾಡಿದ್ದಾನೆ. ಅಕ್ಕಿ, ಗೋಧಿ, ಜೋಳ, ಅವರೆ, ಹೆಸರು, ಹುರುಳಿ, ನಿಂಬೆ, ಕಿತ್ತಳೆ, ಬದನೆ, ದ್ರಾಕ್ಷಿ, ದಾಳಿಂಬೆ, ಹಲಸು, ಮಾವು. ಒಂದು ಫಣಕ್ಕೆ ಮೂರು ಗೊಂಚಲು ದ್ರಾಕ್ಷಿ ಅಥವಾ ಹತ್ತು ದಾಳಿಂಬೆ. ಮಾಂಸದ ಪೇಟೆಯ ಬಗ್ಗೆ ನೂನಿಜ್ ಬರೆದಿದ್ದಾನೆ: ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆಂದು ತಿಳಿಯಲೆಂದು ಹಕ್ಕಿ, ಪ್ರಾಣಿಗಳನ್ನು ಜೀವಂತವಾಗಿಯೇ ಮಾರುತ್ತಿದ್ದರಂತೆ. ಕಲಬೆರಕೆಯ ಈ ಕಾಲದಲ್ಲಿ ನೆನೆಯಬೇಕಾದ ನಿಯಮ.

ಈ ಪಟ್ಟಿಯಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದು ಮುಖ್ಯ. ಹಸಿಮೆಣಸಿನಕಾಯಿ ಇಲ್ಲ, ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಶೇಂಗಾ ಇಲ್ಲ. ಇವೆಲ್ಲ ಅಮೆರಿಕ ಖಂಡದ ಗಿಡಗಳು. 1492ರಲ್ಲಿ ಕೊಲಂಬಸ್ ಅಲ್ಲಿಗೆ ತಲುಪಿದ ನಂತರ ಅವು ಹಡಗು ಹತ್ತಿ ಹೊರಟವು. ಮೆಣಸಿನಕಾಯಿಯನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಅದು ಬರುವ ಮೊದಲು ಖಾರ ಎಂದರೆ ಕರಿಮೆಣಸು. ಅದಕ್ಕೇ ಹೊಸದಕ್ಕೆ ಮೆಣಸಿನ ಕಾಯಿ ಎಂದು ಹೆಸರಾಯಿತು. ವಿಚಿತ್ರವೆಂದರೆ, ಅದೇ ಕರಿಮೆಣಸನ್ನು ಹುಡುಕಿಕೊಂಡು ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದಿದ್ದ. ಮೆಣಸಿನ ವ್ಯಾಪಾರದಿಂದ ಲಿಸ್ಬನ್ ಯುರೋಪಿನ ಸಿರಿವಂತ ರಾಜಧಾನಿಯಾಯಿತು. ಮೆಣಸು ಒಯ್ದವರೇ ಮೆಣಸಿನಕಾಯಿ ಕೊಟ್ಟರು.

ಹೊಸಪೇಟೆಯ ಸಂಜೆಯ ಗಾಡಿಯ ಮುಂದೆ ನಿಂತಾಗ ಈ ಪಾಠ ತಟ್ಟೆಯಲ್ಲೇ ಸಿಗುತ್ತದೆ. “ಬರ್ರಿ ಅಕ್ಕಾರ, ಬಿಸಿ ಮಿರ್ಚಿ ಅದಾವ್ರಿ” ಎಂದು ಗಾಡಿಯವನು ಕರೆದು ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ಕೊಡುತ್ತಾನೆ. ಮಂಡಕ್ಕಿಯ ಅಕ್ಕಿ ಏಷ್ಯಾದ್ದು. ಮಿರ್ಚಿಯ ಮೇಲಿನ ಕಡಲೆ ಹಿಟ್ಟು ಮೂಲತಃ ಪಶ್ಚಿಮ ಏಷ್ಯಾದ ಕಾಳು. ಒಳಗಿನ ಕಾಯಿ, ಒಗ್ಗರಣೆಯ ಶೇಂಗಾ ಅಮೆರಿಕದವು. ಜೊತೆಗಿನ ಚಹಾ ಚೀನಾದ್ದು. ಮಾರನೆಯ ದಿನ ಖಾನಾವಳಿಯಲ್ಲಿ ಉಣ್ಣುವ ಜೋಳದ ರೊಟ್ಟಿಯ ಜೋಳ ಸಾವಿರಾರು ವರ್ಷ ಹಿಂದೆ ಆಫ್ರಿಕದಿಂದ ಬಂದದ್ದು. ಎಣ್ಣೆಗಾಯಿಯ ಬದನೆ ಮಾತ್ರ ಈ ನೆಲದ್ದೇ. ರೋಮ್‌ನ ಟೊಮೆಟೊ ಸಾರು, ಲಂಡನ್ನಿನ ಆಲೂಗಡ್ಡೆ ಚಿಪ್ಸು, ಬ್ರಸೆಲ್ಸ್‌ನ ಚಾಕೊಲೇಟು ಕೂಡ ಹೀಗೆಯೇ ಹೊರಗಿನಿಂದ ಬಂದ ಅತಿಥಿಗಳು. ಯಾವ ಊರಿನ ಊಟವೂ ಪೂರ್ತಿ ಆ ಊರಿನದಲ್ಲ.

ಮಂಡಕ್ಕಿ ಉಬ್ಬುವುದಕ್ಕೂ ಕಾರಣವಿದೆ. ಕಾದ ಮರಳಿನಲ್ಲಿ ಹುರಿದಾಗ ಕಾಳಿನೊಳಗಿನ ತೇವ ಥಟ್ಟನೆ ಆವಿಯಾಗಿ ಹಿಗ್ಗುತ್ತದೆ. ಮೆತ್ತಗಾದ ಪಿಷ್ಟವೂ ಅದರೊಂದಿಗೆ ಅರಳುತ್ತದೆ. ಮಿರ್ಚಿಯ ಖಾರ ಹತ್ತಿದರೆ ನೀರು ಕುಡಿದು ಪ್ರಯೋಜನವಿಲ್ಲ. ಖಾರದ ಅಂಶ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಮಜ್ಜಿಗೆ, ಮೊಸರೇ ಮದ್ದು.

ನೀರಿನ ಲೆಕ್ಕ

ರೋಮ್‌ನಲ್ಲಿ ಟ್ರೆವಿ ಕಾರಂಜಿಗೆ ಪ್ರವಾಸಿಗರು ನಾಣ್ಯ ಎಸೆಯುತ್ತಾರೆ. ಆ ಕಾರಂಜಿಗೆ ನೀರು ತರುವ ಮೇಲ್ಗಾಲುವೆಯ ಮೂಲ ಕ್ರಿ.ಪೂ. 19ರದು ಎಂದು ಮಾರ್ಗದರ್ಶಿ ಹೇಳಿದಾಗ ಎಲ್ಲರೂ ತಲೆದೂಗುತ್ತಾರೆ. ಹೊಸಪೇಟೆಯಲ್ಲಿ ರಾಯ ಕಾಲುವೆ, ಬಸವಣ್ಣ ಕಾಲುವೆಗಳ ಮೇಲಿನ ಸೇತುವೆಯನ್ನು ದಿನವೂ ದಾಟುವವರು ತಲೆ ತಿರುಗಿಸಿಯೂ ನೋಡುವುದಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1521ರಲ್ಲಿ ಕಟ್ಟಿದ ವಲ್ಲಭಾಪುರದ ಅಣೆಕಟ್ಟು ಈಗ ತುಂಗಭದ್ರಾ ಜಲಾಶಯದಲ್ಲಿ ಮುಳುಗಿದೆ. ಆದರೆ ಕಾಲುವೆ ನಿಂತಿಲ್ಲ. ಜಲಾಶಯದಿಂದಲೇ ಅದಕ್ಕೆ ನೀರು ಬರುತ್ತದೆ. ಹಂಪಿಯ ನಡುವೆ ಹರಿಯುವ ತುರ್ತು ಕಾಲುವೆ ಇಂದಿಗೂ ಗದ್ದೆ, ಬಾಳೆತೋಟಗಳಿಗೆ ಉಣಿಸುತ್ತಿದೆ. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಯುದ್ಧದ ಬಳಿಕ ಅರಮನೆಗಳು ಹಾಳಾದವು, ರಾಜಧಾನಿ ಪೆನುಗೊಂಡೆಗೆ ಹೋಯಿತು. ರಾಜರು ಹೋದರೂ ರೈತರು ಕಾಲುವೆಯ ಹೂಳು ಎತ್ತುವುದನ್ನು ಬಿಡಲಿಲ್ಲ. ಹಾಳು ಹಂಪೆ ಎಂಬ ಮಾತು ಅರ್ಧ ಮಾತ್ರ ನಿಜ.

ಹೊಸಪೇಟೆಯೇ ಕೃಷ್ಣದೇವರಾಯ ಕಟ್ಟಿಸಿದ ಬಡಾವಣೆ. ತಾಯಿ ನಾಗಲಾಂಬಿಕೆಯ ನೆನಪಿಗೆ ನಾಗಲಾಪುರ ಎಂಬ ಹೆಸರು ಬಂತೆಂಬುದು ರೂಢಿಯ ಮಾತು. ಊರಿಗೆ ನೀರು ಬೇಕಾಗಿ ಬೆಟ್ಟಗಳ ಬಾಯಿಗೆ ದೊಡ್ಡ ಏರಿ ಹಾಕಿಸಿದ. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿ ಕೆಲಸ ಮಾಡುತ್ತಿದ್ದುದನ್ನು ಪಾಯಸ್ ಕಂಡಿದ್ದಾನೆ. ಏರಿ ಎರಡು ಮೂರು ಸಲ ಒಡೆಯಿತು. ಗೋವೆಯಿಂದ ಜೋವಾವ್ ಡೆಲ್ಲ ಪೊಂಟೆ ಎಂಬ ಪೋರ್ಚುಗೀಸ್ ಕುಶಲಕರ್ಮಿಯನ್ನು ಕರೆಸಲಾಯಿತು. ಅವನು ಸುಣ್ಣ ಕೇಳಿದಾಗ ರಾಜ ನಕ್ಕನೆಂದೂ, ಇಲ್ಲಿಯವರಿಗೆ ಮನೆ ಕಟ್ಟಲು ಸುಣ್ಣ ಬಳಸಲು ತಿಳಿಯದೆಂದೂ ನೂನಿಜ್ ಬರೆದ. ಇಲ್ಲಿ ವಿದ್ಯಾರ್ಥಿಗಳು ಪರೀಕ್ಷಕರಾಗಬೇಕು. ಹಂಪಿಯ ಗೋಪುರಗಳ ಮೇಲ್ಭಾಗದ ಇಟ್ಟಿಗೆ, ಕಮಲ ಮಹಲಿನ ನುಣುಪು ಗಾರೆ ನೋಡಿದರೆ ನೂನಿಜ್‌ನ ಮಾತು ಸರಿಯಲ್ಲವೆಂದು ತಾನಾಗಿ ತಿಳಿಯುತ್ತದೆ. ಅಚ್ಚಾದುದೆಲ್ಲ ನಿಜವಲ್ಲ, ಸಾಕ್ಷಿಯನ್ನು ಕಲ್ಲಿನೊಂದಿಗೆ ತಾಳೆ ನೋಡಬೇಕು. ಆ ರಾಯರ ಕೆರೆ ಈಗ ಬತ್ತಿದೆ, ಏರಿಯ ಮೇಲೆ ಹೆದ್ದಾರಿ ಹಾದಿದೆ.

1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಕಲ್ಲುಗಳನ್ನು ಬೆಸೆದದ್ದೂ ಸಿಮೆಂಟಲ್ಲ, ಸುಣ್ಣ ಮತ್ತು ಸುರ್ಕಿಯ ಗಾರೆ. ಅದರ 33 ಗೇಟುಗಳಲ್ಲಿ 19ನೆಯದರ ಸರಪಳಿ 2024ರ ಆಗಸ್ಟ್ 10ರ ರಾತ್ರಿ ತುಂಡಾಗಿ ಗೇಟು ಕೊಚ್ಚಿಹೋಯಿತು. ನೀರಿನ ಒತ್ತಡ ಆಳದೊಂದಿಗೆ ಹೆಚ್ಚುತ್ತದೆ: ಹತ್ತು ಮೀಟರು ಆಳದಲ್ಲಿ ಪ್ರತಿ ಚದರ ಮೀಟರಿಗೆ ಹತ್ತು ಟನ್ ಭಾರ. ಅಂಥ ನೀರು ನುಗ್ಗುತ್ತಿರುವಾಗಲೇ ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಇಳಿಸಲಾಯಿತು. ಆ ವಾರ ಹೊಳೆಯ ಪಾಲಾದ ನೀರು ನಾಲ್ಕು ಜಿಲ್ಲೆಗಳ ರೈತರ ನಿದ್ದೆ ಕೆಡಿಸಿತು. ನೋಡಿಕೊಳ್ಳುವವರಿದ್ದರೆ ಕಾಲುವೆ ಐನೂರು ವರ್ಷ ಬಾಳುತ್ತದೆ. ಒಂದು ಕೊಂಡಿ ಸವೆದರೆ ಒಂದೇ ರಾತ್ರಿ ಸಾಕು.

ಸಂಡೂರಿನ ಕೆಂಪು ಮಣ್ಣು

ಮೂರನೆಯ ದಿನ ಸಂಡೂರಿಗೆ. ಘೋರ್ಪಡೆ ಮನೆತನದ ಈ ಸಂಸ್ಥಾನ 1949ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಯಿತು. ಯುರೋಪಿನ ಪ್ರವಾಸದಲ್ಲಿ ತೋರಿಸುವ ಲಿಕ್ಟೆನ್‌ಸ್ಟೈನ್ ದೇಶದ ವಿಸ್ತಾರ 160 ಚದರ ಕಿಲೋಮೀಟರು. ಸಂಡೂರು ಸಂಸ್ಥಾನ ಅದಕ್ಕಿಂತ ದೊಡ್ಡದಿತ್ತು. ಬೆಟ್ಟಗಳ ನಡುವೆ ಕುಮಾರಸ್ವಾಮಿ, ಪಾರ್ವತಿ ದೇವಾಲಯಗಳು. ಊರಿನಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿ, ಅದಕ್ಕೆ ಭೌಗೋಳಿಕ ಗುರುತು ದೊರೆತಿದೆ. 2023ರ ಜುಲೈಯಲ್ಲಿ ಜಿ-20 ದೇಶಗಳ ಪ್ರತಿನಿಧಿಗಳು ಹಂಪಿಯಲ್ಲಿ ಸೇರಿದ್ದಾಗ ಈ ಕಸೂತಿಯೂ ಅವರ ಕಣ್ಣಿಗೆ ಬಿತ್ತು.

ಇಲ್ಲಿಯ ಮಣ್ಣು ಕೆಂಪು. ಹೆಮಟೈಟ್ ಎಂಬ ಕಬ್ಬಿಣದ ಅದಿರು ಅದಕ್ಕೆ ಕಾರಣ. ಸುಮಾರು 270 ಕೋಟಿ ವರ್ಷಗಳಷ್ಟು ಹಳೆಯ ಈ ಬೆಟ್ಟಗಳು ಹಂಪಿಯ ಬಂಡೆಗಳಿಗೂ ಹಿರಿಯಣ್ಣಂದಿರು. ಮಿತಿಮೀರಿದ ಗಣಿಗಾರಿಕೆಯಿಂದ ಬೆಟ್ಟ, ತೊರೆ, ರಸ್ತೆಗಳು ಹಾಳಾದಾಗ ಸುಪ್ರೀಂ ಕೋರ್ಟ್ 2011ರ ಜುಲೈಯಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಆಮೇಲೆ ಷರತ್ತಿನ ಮೇಲೆ ಕೆಲವು ಆರಂಭವಾದವು. ಹೊಲದಲ್ಲಿ ದುಡಿಯುವವರಿಗೆ ಧೂಳು ಬೇಡ. ಲಾರಿ ನಂಬಿದವರಿಗೆ ಕೂಲಿ ಬೇಕು. ಈ ಎರಡು ಮಾತನ್ನೂ ಮಕ್ಕಳು ಕೇಳಿಸಿಕೊಳ್ಳಬೇಕು.

ಉಳಿದದ್ದು, ಕಳೆದದ್ದು

ಐವತ್ತು ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥವನ್ನು ಎಲ್ಲರೂ ಬಲ್ಲರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ. ಹಾಳಾಗುವುದು ಯುದ್ಧದಲ್ಲಿ ಮಾತ್ರವಲ್ಲ. ಶಾಂತಿಯ ಕಾಲದಲ್ಲೂ ಕಳೆದುಹೋಗುತ್ತದೆ.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಗೆ ಕಟ್ಟಹೊರಟ ಸೇತುವೆಯ ಕಾರಣ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಆ ಸೇತುವೆಯೇ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ವಿರೂಪಾಕ್ಷ ದೇವಾಲಯದ ಎದುರಿನ ಪೇಟೆಬೀದಿಯ ಕಲ್ಲುಮಂಟಪಗಳಲ್ಲಿ ಮನೆ, ಹೋಟೆಲು ಮಾಡಿಕೊಂಡಿದ್ದ ನೂರಾರು ಕುಟುಂಬಗಳನ್ನು 2011ರಲ್ಲಿ ತೆರವುಗೊಳಿಸಲಾಯಿತು. ಕಡ್ಡಿರಾಂಪುರದ ಬಳಿ ಜಾಗ ಗೊತ್ತುಮಾಡಲಾಯಿತು. ಮಂಟಪಗಳು ಈಗ ಸ್ಪಷ್ಟವಾಗಿ ಕಾಣುತ್ತವೆ. ಆದರೆ ಪಾಯಸ್ ಮೆಚ್ಚಿದ ಪೇಟೆಯ ಜೀವ ಜನರ ಗದ್ದಲದಲ್ಲಿತ್ತು. ರೋಮ್‌ನ ಹಳೆಯ ಬೀದಿಗಳಲ್ಲಿ ಇಂದಿಗೂ ಸಂಸಾರಗಳಿವೆ, ಅಡುಗೆಯ ವಾಸನೆಯಿದೆ. ಕಲ್ಲನ್ನು ಕಾಯುತ್ತಲೇ ಜನರನ್ನೂ ಉಳಿಸಿಕೊಳ್ಳುವುದು ಹೇಗೆ ಎಂಬುದು ಹಂಪಿಯ ಮುಂದಿನ ಕಠಿಣ ಪ್ರಶ್ನೆ.

ಇನ್ನೊಂದು ಸಂಗತಿ ನೇರವಾಗಿ ಯುವಜನರಿಗೆ ಸೇರಿದ್ದು. ಗಜಶಾಲೆಯ ಹಿಂದಿನ ವಿಷ್ಣು ದೇವಾಲಯದ ಕಲ್ಲುಕಂಬವನ್ನು ಕೆಲವು ಯುವಕರು ತಳ್ಳಿ ಬೀಳಿಸಿದ ವಿಡಿಯೊ 2019ರಲ್ಲಿ ದೇಶದಾದ್ಯಂತ ಹರಡಿತು. ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ವಿಧಿಸಿತು. ಕಂಬಗಳನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಲಾಯಿತು. ನಿಲ್ಲಿಸುವುದು ತಳ್ಳುವಷ್ಟು ಸುಲಭವಲ್ಲವೆಂದು ಅವರಿಗೆ ಅಂದು ತಿಳಿದಿರಬೇಕು. ವಿಠ್ಠಲ ದೇವಾಲಯದ ಸಂಗೀತದ ಕಂಬಗಳನ್ನು ಬಡಿಯುವುದು ನಿಷಿದ್ಧವಾಗಿರುವುದೂ, ಲಕ್ಷಾಂತರ ಬೆರಳುಗಳ ಸಣ್ಣ ಸಣ್ಣ ಪೆಟ್ಟು ಕೂಡಿದರೆ ಗ್ರಾನೈಟೂ ಸೋಲುತ್ತದೆ ಎಂಬ ಕಾರಣಕ್ಕೆ.

ಹೊರಡುವ ಮುನ್ನ

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹಗಲು ಕಾದ ಬಂಡೆ ಸಂಜೆಯೂ ಶಾಖ ಬಿಡುತ್ತದೆ. ಬೇಸಿಗೆಯಲ್ಲೇ ಹೋಗಬೇಕಾದರೆ ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರ ಬಳಿಕ ನೋಡಿ, ನಡುಹಗಲು ವಸ್ತುಸಂಗ್ರಹಾಲಯದಲ್ಲಿ ಕಳೆಯಬಹುದು. ಟೋಪಿ, ನೀರು, ಒಂದು ಚಿಟಿಕೆ ಉಪ್ಪು ಸಕ್ಕರೆ ಬೆರೆಸಿದ ನಿಂಬೆ ಪಾನಕ ಜೊತೆಗಿರಲಿ. ಸಮಯ ಉಳಿದರೆ 1994ರಲ್ಲಿ ಸ್ಥಾಪಿತವಾದ ದರೋಜಿ ಕರಡಿಧಾಮವೂ ದಾರಿಯಲ್ಲೇ ಇದೆ.

ಪ್ರತಿ ಮಗುವಿನ ಕೈಯಲ್ಲಿ ಒಂದು ನೋಟುಪುಸ್ತಕವಿರಲಿ. ಪ್ರತಿ ಊರಿನಲ್ಲಿ ಮೂರೇ ಪ್ರಶ್ನೆ: ನೀರು ಎಲ್ಲಿಂದ ಬಂತು, ತಟ್ಟೆಯಲ್ಲಿರುವುದು ಎಲ್ಲಿಂದ ಬಂತು, ಇದನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ. ಈ ಮೂರನ್ನು ಕಂಪ್ಲಿಯಲ್ಲಿ ಕೇಳಲು ಕಲಿತ ಮಗು ನಾಳೆ ರೋಮ್‌ಗೆ ಹೋದರೂ ಕೇಳುತ್ತದೆ, ಲಿಸ್ಬನ್‌ಗೆ ಹೋದರೂ ಕೇಳುತ್ತದೆ. ಆಗ ಪಾಲಕರು ಟಿಕೆಟ್ಟಿಗೆ ಕೊಟ್ಟ ಹಣ ಫೋಟೊಗಳಲ್ಲಿ ಮುಗಿದುಹೋಗುವುದಿಲ್ಲ.